ಬೆಂಕಿ ಆರಿದ ಮೇಲೂ ಪಾಠ ನಡೆದಿತ್ತು

ಪ್ರಿಯರೇ, ನಮಸ್ಕಾರ.

‘ನಲಂದಾ: ಮತ್ತೆ ಬೆಳಗಿದ ದೀಪ’ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ರಾಜಗಿರದ ಬೆಟ್ಟಗಳ ವರ್ಣನೆ ಚೆನ್ನಾಗಿದೆ. ಆದರೂ ಈಗಿರುವಂತೆ ಪ್ರಕಟಿಸಲಾರೆ. ಎರಡು ಕಡೆ ನನಗೆ ಸಿಟ್ಟೇ ಬಂತು.

‘ಹತ್ತು ಸಾವಿರ ವಿದ್ಯಾರ್ಥಿಗಳು ಜ್ಞಾನಸಾಗರದಲ್ಲಿ ಮಿಂದೇಳುತ್ತಿದ್ದರು’ ಎಂದಿದ್ದೀರಿ. ಹತ್ತು ಸಾವಿರ ಎಂಬುದು ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಜೀವನಚರಿತ್ರೆ ಕೊಡುವ ಲೆಕ್ಕ. ಅವನಾದ ಕೆಲವೇ ದಶಕಗಳಿಗೆ ಅಲ್ಲಿ ಓದಿದ ಇನ್ನೊಬ್ಬ ಚೀನೀ ಯಾತ್ರಿಕ ಇತ್ಸಿಂಗ್ ಮೂರು ಸಾವಿರ ಚಿಲ್ಲರೆ ಎನ್ನುತ್ತಾನೆ. ಎರಡನ್ನೂ ಓದುಗರ ಮುಂದಿಡಿ. ‘ಜ್ಞಾನಸಾಗರ’ ಹೊಡೆದುಹಾಕಿ. ಅಷ್ಟು ಜನ ಏನು ಉಣ್ಣುತ್ತಿದ್ದರು? ಅದೇ ಜೀವನಚರಿತ್ರೆಯಲ್ಲಿದೆ: ನೂರು ಹಳ್ಳಿಗಳ ಹುಟ್ಟುವಳಿ, ಇನ್ನೂರು ಮನೆಯವರು ದಿನವೂ ತಂದು ಸುರಿಯುತ್ತಿದ್ದ ಅಕ್ಕಿ, ಹಾಲು, ಬೆಣ್ಣೆ. ಪಾಲ ವಂಶದ ದೊರೆ ದೇವಪಾಲನ ತಾಮ್ರಶಾಸನ ನೋಡಿ. ಸುವರ್ಣದ್ವೀಪದ (ಇಂದಿನ ಸುಮಾತ್ರಾ) ದೊರೆ ಬಾಲಪುತ್ರದೇವ ಅಲ್ಲಿ ಕಟ್ಟಿಸಿದ ವಿಹಾರಕ್ಕೆ ಐದು ಊರು ದತ್ತಿ ಬಿಟ್ಟಿದ್ದಾರೆ. ಭಿಕ್ಷುಗಳ ಊಟ, ಔಷಧದ ಜೊತೆಗೆ ಗ್ರಂಥಗಳನ್ನು ಪ್ರತಿ ಮಾಡುವ ಖರ್ಚೂ ಅದರಲ್ಲಿದೆ!

ನಾನು ಪತ್ರಿಕೆ ಸೇರಿದ ಹೊಸದರಲ್ಲಿ ಹಾಳುಬಿದ್ದ ಅಗ್ರಹಾರವೊಂದರ ಮೇಲೆ ಬರೆದು, ‘ಗತವೈಭವ’ ಎಂಬ ಮಾತನ್ನು ಮೂರು ಸಲ ಹಾಕಿದ್ದೆ. ಹಿರಿಯ ಉಪಸಂಪಾದಕರು ಮೂರಕ್ಕೂ ಕೆಂಪು ಗೀಟೆಳೆದು, ‘ಅಲ್ಲಿ ಒಲೆ ಹಚ್ಚುತ್ತಿದ್ದವರು ಯಾರು, ತಿಳ್ಕೊಂಡು ಬಾ’ ಎಂದರು. ಮತ್ತೆ ಬಸ್ಸು ಹತ್ತಿದೆ. ಬಲ್ಲವರೊಬ್ಬರಿಂದ ಶಾಸನ ಓದಿಸಿಕೊಂಡೆ. ಅಡುಗೆಯವರಿಗೆ ಇಷ್ಟು ಮತ್ತರು ಭೂಮಿ, ನೀರು ಹೊರುವವರಿಗೆ ಇಷ್ಟು ಮತ್ತರು. ಕೇಳುತ್ತ ಮೈ ಜುಮ್ಮೆಂದದ್ದು ಇನ್ನೂ ನೆನಪಿದೆ.

ಎರಡನೆಯದು: ‘ಖಿಲ್ಜಿಯ ಬೆಂಕಿಯಲ್ಲಿ ಎಲ್ಲವೂ ಬೂದಿಯಾಯಿತು. 800 ವರ್ಷಗಳ ಬಳಿಕ ನಲಂದಾ ಮತ್ತೆ ಎದ್ದು ನಿಂತಿತು.’ ಈ ಎರಡು ವಾಕ್ಯಗಳ ನಡುವೆ ಒಬ್ಬ ಮುದುಕರನ್ನು ನೀವು ಕೈಬಿಟ್ಟಿದ್ದೀರಿ. ಆ ದಾಳಿಯ ನಂತರ, 1235ರ ಸುಮಾರಿಗೆ, ಟಿಬೆಟ್ಟಿನ ಯಾತ್ರಿಕ ಧರ್ಮಸ್ವಾಮಿ ಅಲ್ಲಿಗೆ ಹೋದಾಗ, ಪಾಳು ವಿಹಾರದಲ್ಲಿ ತೊಂಬತ್ತು ದಾಟಿದ ರಾಹುಲಶ್ರೀಭದ್ರರು ಸುಮಾರು ಎಪ್ಪತ್ತು ಜನಕ್ಕೆ ಪಾಠ ಹೇಳುತ್ತಿದ್ದರು. ಸೈನಿಕರು ಬರುತ್ತಾರೆಂದು ಉಳಿದವರೆಲ್ಲ ಓಡಿದರು. ಧರ್ಮಸ್ವಾಮಿ ಗುರುಗಳನ್ನು ಹೆಗಲ ಮೇಲೆ ಹೊತ್ತು ಅಡಗಿಸಿದ. ಅವರನ್ನು ಬಿಟ್ಟು ‘ಎಲ್ಲವೂ ಬೂದಿ’ ಎಂದು ಬರೆಯಲು ಮನಸ್ಸಾದರೂ ಹೇಗೆ ಬಂತು?

ಹೊಸ ನಲಂದಾ ವಿಶ್ವವಿದ್ಯಾಲಯದ ವಿಷಯದಲ್ಲೂ ಇದೇ ತಪ್ಪು. 455 ಎಕರೆ ಆವರಣಕ್ಕೆ, 2024ರ ಜೂನ್‌ನ ಉದ್ಘಾಟನೆಗೆ ಎರಡು ಪುಟ ಕೊಟ್ಟಿದ್ದೀರಿ. 2014ರ ಸೆಪ್ಟೆಂಬರ್‌ನಲ್ಲಿ ಸ್ವಂತ ಆವರಣವಿಲ್ಲದೆ, ಹದಿನೈದು ವಿದ್ಯಾರ್ಥಿಗಳೊಂದಿಗೆ ರಾಜಗಿರದಲ್ಲಿ ತರಗತಿ ಶುರುವಾದದ್ದಕ್ಕೆ ಒಂದು ಸಾಲೂ ಇಲ್ಲ. ನನ್ನ ಮಟ್ಟಿಗೆ ನಲಂದಾ ಮತ್ತೆ ಶುರುವಾದದ್ದು ಅವತ್ತು.

ಗುರುವನ್ನು ಹೊತ್ತ ಆ ಶಿಷ್ಯನಿಂದ ಮೊದಲುಮಾಡಿ ಮತ್ತೊಮ್ಮೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ