ಕೆನಡಾ ತನ್ನ ಆರ್ಕ್ಟಿಕ್ ಪ್ರದೇಶದಲ್ಲಿ ದೊಡ್ಡ ಸೇನಾ ನೆಲೆಯನ್ನು ಏಕೆ ಇಟ್ಟಿಲ್ಲ?

ನೀವು ಕೇಳಿರುವುದು ಇಷ್ಟು: ಭಾರತ 1984ರಿಂದ ಸಿಯಾಚಿನ್‌ನಲ್ಲಿ ಸೈನ್ಯವನ್ನು ಇಟ್ಟುಕೊಂಡಿದೆ, ಅಷ್ಟು ಶ್ರೀಮಂತವಾದ ಕೆನಡಾಗೆ ತನ್ನ ಉತ್ತರ ತುದಿಯಲ್ಲಿ ಒಂದು ಕಾಯಂ ನೆಲೆ ಕಟ್ಟಲು ಆಗುವುದಿಲ್ಲವೇ? ಆರ್ಕ್ಟಿಕ್ ರಕ್ಷಣೆಯ ಬಗ್ಗೆ ಪ್ರಧಾನಿ ಮಾರ್ಕ್ ಕಾರ್ನಿ ಸರ್ಕಾರ ಈಗ ಹೇಳುತ್ತಿರುವುದನ್ನು ನಂಬಬಹುದೇ?

ನಾನು ಸೇನೆಯವನಲ್ಲ. ಮಾಂಟ್ರಿಯಲ್ ಬಳಿಯ ಸರಕು ಸಾಗಣೆ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ಆರ್ಕ್ಟಿಕ್ ಊರುಗಳಿಗೆ ಹೊರಡುವ ಹಡಗುಗಳಿಗೆ ಸಾಮಾನು ಬುಕ್ ಮಾಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ಈ ಬರಹದಲ್ಲಿ ಬಂದೂಕಿಗಿಂತ ಪ್ಲೈವುಡ್ ಪೆಟ್ಟಿಗೆಗಳ ಮಾತೇ ಹೆಚ್ಚು ಬರುತ್ತದೆ.

ಮೊದಲು ಸಿಯಾಚಿನ್ ವಿಚಾರ. ಅಲ್ಲಿ ಎದುರಾಳಿ ಪಕ್ಕದ ಕಣಿವೆಯಲ್ಲಿದ್ದಾನೆ. ಒಂದು ಶಿಖರವನ್ನು ಬಿಟ್ಟರೆ ಅವನು ಹತ್ತಿ ಕೂರುತ್ತಾನೆ. ಕೆನಡಾದ ಆರ್ಕ್ಟಿಕ್‌ನಲ್ಲಿ ಎದುರಿಗೆ ಯಾರೂ ಇಲ್ಲ. ಮಂಜುಗಡ್ಡೆಯ ಮೇಲೆ ರಷ್ಯಾದ ಕಾಲಾಳುಗಳು ನಡೆದು ಬರುತ್ತಾರೆಂದು ರಾಜಧಾನಿ ಒಟ್ಟಾವದಲ್ಲಿ ಯಾರೂ ನಿದ್ದೆಗೆಡುತ್ತಿಲ್ಲ. ಭಯ ಇರುವುದು ಕ್ಷಿಪಣಿಗಳ ಬಗ್ಗೆ, ನೀರಿನಡಿಯ ಜಲಾಂತರ್ಗಾಮಿಗಳ ಬಗ್ಗೆ ಮತ್ತು ಅನುಮತಿ ಕೇಳದೆ ಹಾದುಹೋಗುವ ಹಡಗುಗಳ ಬಗ್ಗೆ. ಇವು ಮೂರಕ್ಕೂ ಬೇಕಾಗುವುದು ಕಣ್ಣು, ಕಿವಿ, ಇಂಧನ ಮತ್ತು ರನ್‌ವೇ. ಸಾವಿರಾರು ಸೈನಿಕರನ್ನು ಒಯ್ದು ಕೂರಿಸಿದರೆ ಅವರಿಗೆ ಅನ್ನ ಹಾಕುವುದೇ ಒಂದು ಕಾರ್ಯಾಚರಣೆಯಾದೀತು. ಕೆನಡಾದ ಪೂರ್ಣಾವಧಿ ಸೇನೆಯೇ 70,000ಕ್ಕಿಂತ ಕಡಿಮೆ, ಅದರಲ್ಲೂ ಖಾಲಿ ಹುದ್ದೆಗಳ ಗೋಳು ತಪ್ಪಿಲ್ಲ ಎಂಬುದೂ ನೆನಪಿರಲಿ.

ಅನ್ನ ಹಾಕುವ ಕಷ್ಟ ಎಂಥದ್ದು ಎಂದರೆ, ಎಲ್ಸ್‌ಮಿಯರ್ ದ್ವೀಪದ ತುದಿಯಲ್ಲಿ ಅಲರ್ಟ್ ಎಂಬ ಸೇನಾ ಠಾಣೆಯಿದೆ. ಉತ್ತರ ಧ್ರುವಕ್ಕೆ ಅಲ್ಲಿಂದ 817 ಕಿ.ಮೀ., ಒಟ್ಟಾವಕ್ಕೆ 4,000 ಕಿ.ಮೀ.ಗೂ ಹೆಚ್ಚು. ರೇಡಿಯೊ ಸಂಕೇತಗಳನ್ನು ಕದ್ದು ಕೇಳುವುದು ಅದರ ಮುಖ್ಯ ಕಸುಬು. ಆ ಠಾಣೆಗೆ ಬೇಕಾದ ಇಂಧನ ವಿಮಾನದಲ್ಲೇ ಬರುತ್ತದೆ. ಎಲ್ಲಿಂದ ಗೊತ್ತೇ? ಗ್ರೀನ್‌ಲ್ಯಾಂಡ್‌ನಲ್ಲಿರುವ ಅಮೆರಿಕದ ಪಿಟುಫಿಕ್ ನೆಲೆಯಿಂದ. ಅಂದರೆ ಕೆನಡಾದ ಸಾರ್ವಭೌಮತ್ವದ ಕಟ್ಟಕಡೆಯ ಬಾವುಟ ಬೆಚ್ಚಗಿರುವುದು ಡೆನ್ಮಾರ್ಕ್ ಸಾಮ್ರಾಜ್ಯದ ನೆಲದಲ್ಲಿ ಅಮೆರಿಕ ಇಟ್ಟುಕೊಂಡಿರುವ ನೆಲೆಯ ದಯೆಯಿಂದ. ಗ್ರೀನ್‌ಲ್ಯಾಂಡ್ ತನಗೇ ಬೇಕೆಂದು ಡೊನಾಲ್ಡ್ ಟ್ರಂಪ್ ಹಟ ಹಿಡಿದಾಗ ಇಲ್ಲಿನವರ ಮುಖ ಸಪ್ಪಗಾಗಿದ್ದು ಸುಮ್ಮನೆ ಅಲ್ಲ.

ಈಗ ರಾಜಕೀಯಕ್ಕೆ ಬರೋಣ, ನನ್ನ ಪ್ರಕಾರ ರೋಗದ ಮೂಲ ಅಲ್ಲೇ ಇರುವುದು. ಯೂಕಾನ್, ವಾಯವ್ಯ ಪ್ರಾಂತ್ಯಗಳು ಮತ್ತು ನುನಾವುಟ್ ಎಂಬ ಮೂರು ಪ್ರದೇಶಗಳು ಸೇರಿ ದೇಶದ ನೆಲದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ. 2021ರ ಜನಗಣತಿಯಲ್ಲಿ ಜನಸಂಖ್ಯೆ ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು ಇತ್ತು. 343 ಸ್ಥಾನಗಳ ಸಂಸತ್ತಿನಲ್ಲಿ ಅವಕ್ಕೆ ಸಿಗುವುದು ಮೂರೇ ಸ್ಥಾನ. ಟೊರಾಂಟೊದ ಹೊರವಲಯದ ನಾಲ್ಕಾರು ಬಡಾವಣೆಗಳಿಗೆ ಇರುವ ಚುನಾವಣಾ ಬೆಲೆ ಇಡೀ ಆರ್ಕ್ಟಿಕ್‌ಗೆ ಇಲ್ಲ. ಆದ್ದರಿಂದ ಉತ್ತರದ ಬಗ್ಗೆ ಮಾಡುವ ಭಾಷಣಗಳೆಲ್ಲ ದಕ್ಷಿಣದ ಮತದಾರರ ಕಿವಿಗೆ. ರಾಷ್ಟ್ರಗೀತೆಯಲ್ಲೇ ಉತ್ತರದ ಹೆಸರಿದೆ, ಕೇಳಿದರೆ ಎದೆ ಉಬ್ಬುತ್ತದೆ, ಅಲ್ಲಿಗೆ ಮುಗಿಯಿತು.

ಇನ್ನೊಂದು ಚಾಳಿಯನ್ನೂ ಗಮನಿಸಿ. ಹೊರಗಿನಿಂದ ಯಾರಾದರೂ ಬೆಚ್ಚಿಬೀಳಿಸಿದಾಗ ಮಾತ್ರ ಒಟ್ಟಾವಕ್ಕೆ ಆರ್ಕ್ಟಿಕ್ ನೆನಪಾಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 1969ರಲ್ಲಿ ಅಮೆರಿಕದ ತೈಲ ಹಡಗು ಮ್ಯಾನ್‌ಹಟನ್, ಕೆನಡಾದ ಆರ್ಕ್ಟಿಕ್ ದ್ವೀಪಗಳ ನಡುವಿನ ವಾಯವ್ಯ ಜಲಮಾರ್ಗವನ್ನು ಹಾದುಹೋಯಿತು. ಮರುವರ್ಷ ಕೆನಡಾ ಆರ್ಕ್ಟಿಕ್ ನೀರಿನ ಮಾಲಿನ್ಯ ತಡೆ ಕಾಯ್ದೆಯನ್ನು ತಂದಿತು. 1985ರಲ್ಲಿ ಅಮೆರಿಕದ ಕರಾವಳಿ ಪಡೆಯ ಐಸ್‌ಬ್ರೇಕರ್ (ಮಂಜುಗಡ್ಡೆ ಒಡೆದು ಸಾಗುವ ಹಡಗು) ಪೋಲಾರ್ ಸೀ, ಕೆನಡಾದ ಅನುಮತಿ ಕೇಳದೆಯೇ ಅದೇ ದಾರಿಯಲ್ಲಿ ಹೋಯಿತು. ಪ್ರಧಾನಿ ಬ್ರಯಾನ್ ಮಲ್ರೋನಿ ಸರ್ಕಾರ ರೊಚ್ಚಿಗೆದ್ದು ಬೃಹತ್ ಐಸ್‌ಬ್ರೇಕರ್ ಕಟ್ಟುವುದಾಗಿ ಹೇಳಿತು. 1987ರಲ್ಲಿ ಹತ್ತು ಹನ್ನೆರಡು ಅಣುಶಕ್ತಿ ಜಲಾಂತರ್ಗಾಮಿಗಳನ್ನು ಕೊಳ್ಳುವುದಾಗಿಯೂ ಹೇಳಿತು. 1989ರಲ್ಲಿ ಜಲಾಂತರ್ಗಾಮಿ ರದ್ದಾಯಿತು, 1990ರಲ್ಲಿ ಐಸ್‌ಬ್ರೇಕರ್ ರದ್ದಾಯಿತು. ಬೆಚ್ಚಿಬೀಳಿಸಿದವರು ಎರಡು ಸಲವೂ ಶತ್ರುಗಳಲ್ಲ, ಆಪ್ತಮಿತ್ರರೇ. ಆ ಜಲಮಾರ್ಗ ತನ್ನ ಒಳನಾಡಿನ ನೀರು ಎಂದು ಕೆನಡಾ ಹೇಳುತ್ತದೆ. ಅಂತರರಾಷ್ಟ್ರೀಯ ಜಲಸಂಧಿ ಎಂದು ಅಮೆರಿಕ ಹೇಳುತ್ತದೆ. ಆ ಜಗಳ ಇವತ್ತಿಗೂ ಇತ್ಯರ್ಥವಾಗಿಲ್ಲ.

2007ರ ಆಗಸ್ಟ್‌ನಲ್ಲಿ ರಷ್ಯಾ ಉತ್ತರ ಧ್ರುವದ ಸಮುದ್ರತಳದಲ್ಲಿ ತನ್ನ ಬಾವುಟ ನೆಟ್ಟಿತು. ಸುಮಾರು ಒಂದು ವಾರದಲ್ಲೇ ಪ್ರಧಾನಿ ಸ್ಟೀಫನ್ ಹಾರ್ಪರ್ ರೆಸೊಲ್ಯೂಟ್ ಬೇ ಎಂಬ ಪುಟ್ಟ ಊರಿಗೆ ಹಾರಿ, ನನಿಸಿವಿಕ್‌ನಲ್ಲಿ ನೌಕಾನೆಲೆ ಕಟ್ಟುವುದಾಗಿ ಘೋಷಿಸಿದರು. ಬಾಫಿನ್ ದ್ವೀಪದಲ್ಲಿ ಮುಚ್ಚಿಹೋಗಿದ್ದ ಸತುವಿನ ಗಣಿಯ ಜಾಗ ಅದು. ಆಳವಾದ ನೀರಿನ ಹಡಗುಕಟ್ಟೆ ಮೊದಲೇ ಇತ್ತು, ಹಾಗಾಗಿ ಕೆಲಸ ಸಲೀಸು ಎಂದುಕೊಂಡರು. ಅಂದಾಜು ಏರತೊಡಗಿದಂತೆ ಯೋಜನೆ ಕಿರಿದಾಯಿತು. ಕಾಯಂ ಸಿಬ್ಬಂದಿಯ ಮಾತು ಹೋಯಿತು. ಇಂಧನದ ತೊಟ್ಟಿಗಳನ್ನು ಬೆಚ್ಚಗಿಡುವ ವ್ಯವಸ್ಥೆಯೂ ಹೋಯಿತು. ಉಳಿದದ್ದು ಬೇಸಿಗೆಯ ಕೆಲವೇ ವಾರ ಬಳಸಬಹುದಾದ ಒಂದು ಪೆಟ್ರೋಲ್ ಬಂಕ್. 2025ರ ಹೊತ್ತಿಗೂ ಅದು ಪೂರ್ಣವಾಗಿ ಕೆಲಸ ಆರಂಭಿಸಿರಲಿಲ್ಲ. 2007ರಲ್ಲೇ ಹಾರ್ಪರ್ ಮಾತು ಕೊಟ್ಟ ಗಸ್ತು ಹಡಗುಗಳ ಪೈಕಿ ಮೊದಲನೆಯದು ನೌಕಾಪಡೆಯ ಕೈ ಸೇರಿದ್ದು 2020ರಲ್ಲಿ. ಅಷ್ಟರಲ್ಲಿ ಹಾರ್ಪರ್ ಅಧಿಕಾರ ಬಿಟ್ಟು ಐದು ವರ್ಷವಾಗಿತ್ತು. 2008ರಲ್ಲಿ ಘೋಷಿಸಿದ, ಹಿಂದಿನ ಪ್ರಧಾನಿ ಜಾನ್ ಡೀಫೆನ್‌ಬೇಕರ್ ಹೆಸರಿಡಬೇಕಾಗಿದ್ದ ಐಸ್‌ಬ್ರೇಕರ್ 2017ಕ್ಕೆ ನೀರಿಗಿಳಿಯಬೇಕಿತ್ತು. ಕಟ್ಟುವ ಗುತ್ತಿಗೆಗೆ ಸಹಿ ಬಿದ್ದಿದ್ದೇ 2025ರಲ್ಲಿ. ಆ ಡೀಫೆನ್‌ಬೇಕರ್ ಕೂಡ 1958ರಲ್ಲಿ ಉತ್ತರವನ್ನು ತೆರೆಯುತ್ತೇನೆಂದು ಚುನಾವಣೆ ಗೆದ್ದವರೇ. ಅವರ ಕಾಲದಲ್ಲಿ ಶುರುವಾದ, ಉತ್ತರಕ್ಕೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿ ಮುಗಿದದ್ದು 1979ರಲ್ಲಿ.

ಇದನ್ನೆಲ್ಲ ಬರೀ ರಾಜಕಾರಣಿಗಳ ಕಳ್ಳಾಟ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಅಲ್ಲಿ ಒಂದು ಶೆಡ್ ಕಟ್ಟುವುದು ಎಂದರೇನು ಎಂಬುದು ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲೇ ಕಾಣುತ್ತದೆ. ನುನಾವುಟ್‌ನ 25 ಊರುಗಳಲ್ಲಿ ಯಾವೊಂದಕ್ಕೂ ಇನ್ನೊಂದು ಊರಿನಿಂದ ರಸ್ತೆಯಿಲ್ಲ, ದಕ್ಷಿಣದಿಂದಂತೂ ಇಲ್ಲವೇ ಇಲ್ಲ. ಹಡಗು ಓಡುವುದು ಮಂಜು ಕರಗಿದ ಜುಲೈಯಿಂದ ಅಕ್ಟೋಬರ್‌ವರೆಗೆ. ಸಿಮೆಂಟು, ಮೊಳೆ, ಕಿಟಕಿ, ಜನರೇಟರ್, ಶೌಚಾಲಯದ ಬೇಸಿನ್ ಎಲ್ಲವನ್ನೂ ಮರದ ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಊರಿನ ಹೆಸರು ಬರೆದು, ಕಟ್‌ಆಫ್ ದಿನಕ್ಕೆ ಮೊದಲು ಬಂದರಿಗೆ ತಲುಪಿಸಬೇಕು. ಬಹುತೇಕ ಊರುಗಳಲ್ಲಿ ಹಡಗುಕಟ್ಟೆಯೇ ಇಲ್ಲ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ತನ್ನ ಜೊತೆಗೇ ತಂದ ಬಾರ್ಜ್ ಮತ್ತು ಟಗ್ ದೋಣಿಯನ್ನು ನೀರಿಗಿಳಿಸುತ್ತದೆ. ಉಬ್ಬರ ನೋಡಿಕೊಂಡು ಸಾಮಾನನ್ನು ದಡಕ್ಕೆ ತಂದು ಸುರಿಯುತ್ತಾರೆ. ಗಾಳಿ ಎದ್ದರೆ ಕಾಯಬೇಕು. ಗುತ್ತಿಗೆದಾರ ಒಂದು ಬಾಗಿಲಿನ ಕೀಲುಗಳನ್ನು ಪಟ್ಟಿಯಲ್ಲಿ ಬರೆಯಲು ಮರೆತ ಎಂದುಕೊಳ್ಳಿ. ವಿಮಾನದಲ್ಲಿ ಕೈಸುಡುವ ದರ ಕೊಟ್ಟು ತರಿಸಬೇಕು, ಇಲ್ಲವಾದರೆ ಮುಂದಿನ ಜುಲೈವರೆಗೆ ಬಾಗಿಲಿಲ್ಲ. ಕಬ್ಬಿಣದ ತೊಲೆಯಾದರೆ ವಿಮಾನದ ಮಾತೇ ಇಲ್ಲ. ಹೀಗೆ ಒಂದು ಸಣ್ಣ ಎಡವಟ್ಟು ಅಲ್ಲಿ ಒಂದು ವರ್ಷವನ್ನು ನುಂಗುತ್ತದೆ. ನಾಲ್ಕು ವರ್ಷದ ಸರ್ಕಾರಕ್ಕೆ ನಾಲ್ಕೇ ಹಡಗಿನ ಋತು. ಶಂಕುಸ್ಥಾಪನೆ ಮಾಡಿದವರೇ ಉದ್ಘಾಟನೆಯ ಟೇಪು ಕತ್ತರಿಸುವ ಭಾಗ್ಯ ಅಲ್ಲಿ ಅಪರೂಪ. ಮಳೆ, ಚಳಿ, ಕಾಯಂ ಹೆಪ್ಪುಗಟ್ಟಿದ ನೆಲ ಈಗ ಕರಗಿ ರನ್‌ವೇ ಕುಸಿಯುವುದು, ಇವುಗಳ ಕಥೆ ಬೇರೆಯೇ ಇದೆ, ಬಿಡಿ.

ಹಾಗಾದರೆ ಅಲ್ಲಿ ಈಗ ಯಾರೂ ಇಲ್ಲವೇ? ಇದ್ದಾರೆ. ಯೆಲ್ಲೋನೈಫ್‌ನಲ್ಲಿ ಉತ್ತರದ ಜಂಟಿ ಪಡೆಯ ಕೇಂದ್ರವಿದೆ, ಕೆಲವು ಟ್ವಿನ್ ಆಟರ್ ವಿಮಾನಗಳ ಒಂದು ಸ್ಕ್ವಾಡ್ರನ್ ಇದೆ. ಯುದ್ಧವಿಮಾನಗಳು ಬೇಕಾದಾಗ ಇನುವಿಕ್, ಇಕಾಲುಯಿಟ್‌ನಂಥ ನಿಲ್ದಾಣಗಳಿಗೆ ಬಂದು ಹೋಗುತ್ತವೆ. ಆದರೆ ನೆಲದ ಮೇಲೆ ನಿಜವಾಗಿ ಕಾಣುವವರು ಕೆನಡಿಯನ್ ರೇಂಜರ್‌ಗಳು. 1947ರಲ್ಲಿ ಶುರುವಾದ ಈ ಅರೆಕಾಲಿಕ ಪಡೆಯಲ್ಲಿ ದೇಶದಾದ್ಯಂತ ಸುಮಾರು 5,000 ಜನರಿದ್ದಾರೆ. ಉತ್ತರದಲ್ಲಿ ಹೆಚ್ಚಿನವರು ಇನುಯಿಟ್ ಮತ್ತು ಇತರ ಮೂಲನಿವಾಸಿಗಳು; ಕೆಂಪು ಸ್ವೆಟ್‌ಶರ್ಟೇ ಸಮವಸ್ತ್ರ, ಸ್ನೋಮೊಬೈಲ್ ಸ್ವಂತದ್ದು, ಸೇನೆ ಅದಕ್ಕೆ ಬಳಕೆ ಭತ್ಯೆ ಕೊಡುತ್ತದೆ. ಅವರ ಕೈಯಲ್ಲಿ 2018ರವರೆಗೂ ಇದ್ದದ್ದು ನಮ್ಮ ಪೊಲೀಸರ ಹೆಗಲಿನಲ್ಲಿ ನೀವು ನೋಡಿರಬಹುದಾದ ಅದೇ ಹಳೆಯ ತ್ರೀ-ನಾಟ್-ತ್ರೀ ರೈಫಲ್. ಕೊರೆಯುವ ಚಳಿಯಲ್ಲೂ ಅದು ಕೈಕೊಡುತ್ತಿರಲಿಲ್ಲ. ಆಮೇಲಷ್ಟೇ ಹೊಸ ರೈಫಲ್ ಬಂತು. ದಕ್ಷಿಣದಿಂದ ತರಬೇತಿಗೆ ಬರುವ ಸೈನಿಕರಿಗೆ ಮಂಜುಗಡ್ಡೆ ಎಲ್ಲಿ ತೆಳುವಾಗಿದೆ ಎಂದು ಹೇಳಿಕೊಡುವವರೂ ಇವರೇ.

ಇನುಯಿಟ್ ಜನರ ಮಾತು ಬಂದ ಮೇಲೆ ಒಂದು ಕಹಿಯನ್ನು ಹೇಳಲೇಬೇಕು. 1953 ಮತ್ತು 1955ರಲ್ಲಿ ಸರ್ಕಾರ ಉತ್ತರ ಕ್ವಿಬೆಕ್‌ನ ಇನುಯಿಟ್ ಕುಟುಂಬಗಳನ್ನು ಸುಮಾರು 2,000 ಕಿ.ಮೀ. ಮೇಲಕ್ಕೆ, ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯೋರ್ಡ್‌ಗೆ ಸಾಗಿಸಿತು. ಒಳ್ಳೆಯ ಬೇಟೆ ಸಿಗುತ್ತದೆ ಎಂದು ಪುಸಲಾಯಿಸಲಾಗಿತ್ತು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟದ ಊರುಗಳು ಅವು. ನಿರ್ಜನ ದ್ವೀಪಗಳಲ್ಲಿ ಕೆನಡಾದ ಜನ ಇದ್ದಾರೆ ಎಂದು ತೋರಿಸಲು ತಮ್ಮನ್ನು ಬಾವುಟದ ಕಂಬಗಳಂತೆ ನೆಟ್ಟರು ಎಂದು ಆ ಕುಟುಂಬಗಳು ದೂರುತ್ತಾ ಬಂದವು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ವಿಚಿತ್ರವೆಂದರೆ ಇವತ್ತಿಗೂ ಆ ದ್ವೀಪಸಮೂಹದ ನೀರಿನ ಮೇಲಿನ ಕೆನಡಾದ ಹಕ್ಕಿಗೆ ಇರುವ ಗಟ್ಟಿ ಆಧಾರಗಳಲ್ಲಿ ಇನುಯಿಟ್ ವಾಸವೂ ಒಂದು. 1993ರ ನುನಾವುಟ್ ಒಪ್ಪಂದದಲ್ಲೇ ಅದನ್ನು ಬರೆದಿದ್ದಾರೆ. ಆದರೆ 2021ರ ಜನಗಣತಿಯ ಪ್ರಕಾರ ತಮ್ಮ ಮೂಲನೆಲದಲ್ಲಿರುವ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಿಕ್ಕಿರಿದ ಮನೆಗಳಲ್ಲಿದ್ದಾರೆ. ಅದೇ ವರ್ಷ ನುನಾವುಟ್ ರಾಜಧಾನಿ ಇಕಾಲುಯಿಟ್‌ನ ಕುಡಿಯುವ ನೀರಿಗೆ ಇಂಧನ ಬೆರೆತು, ಸುಮಾರು ಎರಡು ತಿಂಗಳು ನಲ್ಲಿ ನೀರನ್ನು ಯಾರೂ ಬಾಯಿಗೆ ಹಾಕುವಂತಿರಲಿಲ್ಲ. ನದಿ ನೀರನ್ನು ಶುದ್ಧೀಕರಿಸಿಕೊಡಲು ಸೇನೆ ಬಂತು. ಈಗ ಹೇಳಿ, ಆ ಊರಿಗೆ ಇನ್ನೂ ಕೆಲವು ನೂರು ಸೈನಿಕ ಕುಟುಂಬಗಳನ್ನು ಕಳುಹಿಸಿದರೆ ಅವರು ಎಲ್ಲಿರಬೇಕು, ಯಾವ ನೀರು ಕುಡಿಯಬೇಕು?

ನಿಮ್ಮ ಕೊನೆಯ ಪ್ರಶ್ನೆ. ಟ್ರಂಪ್ ಕೆನಡಾವನ್ನು 51ನೇ ರಾಜ್ಯ ಎಂದು ಕರೆಯತೊಡಗಿದ ಮೇಲೆ ಎರಡೂ ದೊಡ್ಡ ಪಕ್ಷಗಳು ಉತ್ತರಕ್ಕೆ ಓಡಿದವು. 2025ರ ಫೆಬ್ರವರಿಯಲ್ಲಿ ಕನ್ಸರ್ವೇಟಿವ್ ನಾಯಕ ಪಿಯರ್ ಪೊಯ್ಲಿಯೆವ್ರ್ ಇಕಾಲುಯಿಟ್‌ನಲ್ಲಿ ಕಾಯಂ ಸೇನಾ ನೆಲೆ ಕಟ್ಟುತ್ತೇನೆಂದರು. ವಿದೇಶಿ ನೆರವನ್ನು ಕಡಿತಗೊಳಿಸಿ ದುಡ್ಡು ಹೊಂದಿಸುವುದಾಗಿ ಹೇಳಿದರು. ಮಾರ್ಚ್‌ನಲ್ಲಿ ಹೊಸ ಪ್ರಧಾನಿ ಕಾರ್ನಿ ಪ್ಯಾರಿಸ್, ಲಂಡನ್ ಮುಗಿಸಿ ನೇರವಾಗಿ ಅದೇ ಇಕಾಲುಯಿಟ್‌ಗೆ ಬಂದಿಳಿದು, ಆಸ್ಟ್ರೇಲಿಯಾದ ತಂತ್ರಜ್ಞಾನದಿಂದ 600 ಕೋಟಿ ಡಾಲರ್‌ಗೂ ಹೆಚ್ಚಿನ ದೂರಗಾಮಿ ರೇಡಾರ್ ವ್ಯವಸ್ಥೆಯನ್ನು ಘೋಷಿಸಿದರು. (ಕಾರ್ನಿ ಆಮೇಲೆ ಗೆದ್ದ ನೇಪಿಯನ್ ಕ್ಷೇತ್ರ, ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದ ಶಿರಾ ಕಡೆಯ ಚಂದ್ರ ಆರ್ಯ ಅವರದಾಗಿತ್ತು.) ಇಕಾಲುಯಿಟ್, ಇನುವಿಕ್, ಯೆಲ್ಲೋನೈಫ್‌ಗಳಲ್ಲಿ ಸೇನೆಗೆ ನೆರವಿನ ಕೇಂದ್ರಗಳನ್ನು ಕಟ್ಟುವ ಯೋಜನೆಯೂ ಇದೆ.

ರೇಡಾರ್ ಆಗುತ್ತದೆ ಎಂದು ನನಗೆ ನಂಬಿಕೆಯಿದೆ. ಈಗಿರುವ 47 ರೇಡಾರ್‌ಗಳ ಸರಣಿ ಶೀತಲ ಸಮರದ ಕೊನೆಯ ಕಾಲದ್ದು, ಅಮೆರಿಕದ ಜೊತೆಗಿನ ನೊರಾಡ್ ಎಂಬ ಜಂಟಿ ವಾಯುರಕ್ಷಣಾ ಒಪ್ಪಂದದಡಿ ಅದನ್ನು ಬದಲಿಸದೆ ಗತ್ಯಂತರವಿಲ್ಲ. ಇನ್ನೊಂದು ಕಾರಣ ಇನ್ನೂ ಸರಳ: ಈ ಹೊಸ ರೇಡಾರಿಗಾಗಿ ಮೊದಲು ಆರಿಸಿದ ಜಾಗಗಳು ಇರುವುದು ಆರ್ಕ್ಟಿಕ್‌ನಲ್ಲಲ್ಲ, ದಕ್ಷಿಣ ಒಂಟಾರಿಯೊದ ಕವಾರ್ಥ ಲೇಕ್ಸ್ ಮತ್ತು ಕ್ಲಿಯರ್‌ವ್ಯೂ ಎಂಬಲ್ಲಿ. ಅಲೆಗಳು ಆಕಾಶದ ಪದರಕ್ಕೆ ಬಡಿದು ಸಾವಿರಾರು ಕಿ.ಮೀ. ಆಚೆಗಿನದನ್ನು ನೋಡುವುದರಿಂದ ಅದು ಸಾಧ್ಯ. ಅಲ್ಲಿಗೆ ಲಾರಿ ಹೋಗುತ್ತದೆ. ಆದರೆ ಉತ್ತರದ ಆ ಮೂರು ಕೇಂದ್ರಗಳ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. ಸುದ್ದಿಗೋಷ್ಠಿಗಳನ್ನು ಲೆಕ್ಕ ಹಾಕುತ್ತಾ ಕೂರಬೇಡಿ. ಇಕಾಲುಯಿಟ್‌ಗೆ ಮುಂದಿನ ಬೇಸಿಗೆಗಳಲ್ಲಿ ಎಷ್ಟು ಮನೆಗಳ ಸಾಮಾನು ಹಡಗು ಹತ್ತುತ್ತದೆ, ನೀರಿನ ಕೊಳವೆ ಬದಲಾಗುತ್ತದೆಯೇ, ಡೀಸೆಲ್ ಬಿಟ್ಟು ಬೇರೆ ವಿದ್ಯುತ್ ಬರುತ್ತದೆಯೇ ಎಂದು ನೋಡಿ. ಇವು ಬಂದರೆ ಸೈನಿಕರು ಇರಬಲ್ಲರು, ಬರದಿದ್ದರೆ 2007ರ ನನಿಸಿವಿಕ್‌ಗೆ ಇನ್ನೊಂದು ಹೆಸರು ಸೇರುತ್ತದೆ.