ಎಂಬತ್ತರ ದಶಕದ ತುಮಕೂರಿನಲ್ಲಿ ಈಗ ಏನು ಉಳಿದಿದೆ?

ನಿಮ್ಮ ತಂದೆಯವರು ಎಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ಓದಿದವರು, ಅವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕೆಂದಿದ್ದೀರಿ, ಅವರಿಗೆ ಗುರುತು ಹತ್ತುವಂಥದ್ದು ಏನಾದರೂ ಉಳಿದಿದೆಯೇ ಎಂದು ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಮೊದಲು ಹೋದದ್ದನ್ನು ಹೇಳಿಬಿಡುತ್ತೇನೆ: ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಈಗಿಲ್ಲ. 1978ರಲ್ಲಿ ಶುರುವಾದದ್ದು 2016ರಲ್ಲಿ ಮುಚ್ಚಿತು. ಆ ಜಾಗ ಈಗ ಇಸ್ರೋ ಕೈಯಲ್ಲಿದೆ.

ಮಂಡಿ ವ್ಯಾಪಾರ, ಸರ್ಕಾರಿ ಕಚೇರಿ, ಸುತ್ತಲಿನ ಬೇಸಾಯ, ಇಷ್ಟರ ಮೇಲೆ ನಿಂತಿದ್ದ ಊರಿಗೆ ತಿಂಗಳು ತಿಂಗಳಿಗೆ ಸಂಬಳ ತಂದುಕೊಟ್ಟ ಕಾರ್ಖಾನೆ ಅದು. ಹುಡುಗ ಎಚ್‌ಎಂಟಿಯಲ್ಲಿದ್ದಾನೆ ಎಂದರೆ ಹೆಣ್ಣಿನ ಕಡೆಯವರು ಹೆಚ್ಚು ವಿಚಾರಿಸುತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಅಲ್ಲಿ ಕೆಲಸವಿತ್ತು ಎಂಬುದು ನನ್ನ ಮಟ್ಟಿಗೆ ಇನ್ನೂ ದೊಡ್ಡ ಸಂಗತಿ. ನಮ್ಮ ಪಕ್ಕದ ಮನೆಯಾಕೆ ಜೋಡಣೆ ವಿಭಾಗದಲ್ಲಿದ್ದರು. ಒಂದು ಭಾನುವಾರ ನಮ್ಮ ತಂದೆಯ ಗಡಿಯಾರ ನಿಂತುಹೋದಾಗ, ಬಿಳಿ ಬಟ್ಟೆ ಹಾಸಿ ಹಿಂಬದಿಯ ಮುಚ್ಚಳ ತೆಗೆದು ನನ್ನನ್ನು ಕರೆದು ತೋರಿಸಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರೆ ಒಳಗೆ ಸಾಸಿವೆಗಿಂತ ಚಿಕ್ಕ ಕೆಂಪು ಕಲ್ಲುಗಳು. ಡಯಲಿನ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದು ಇವನ್ನೇ ಎಂದರು. ಅವು ಕೃತಕ ಮಾಣಿಕ್ಯಗಳು. ಚಕ್ರಗಳ ಮೊನೆ ಅವುಗಳ ಮೇಲೆ ತಿರುಗುವುದರಿಂದ ಸವೆತ ಕಡಿಮೆ. ಚಿಮಟದ ತುದಿಯಿಂದ ಏನನ್ನೋ ಸರಿಸಿದರು. ಕೂದಲೆಳೆಯಂಥ ಸುರುಳಿ ಬಿಗಿದು ಸಡಿಲಗೊಂಡು ಬ್ಯಾಲೆನ್ಸ್ ಚಕ್ರ ಆಡತೊಡಗಿತು, ಸೆಕೆಂಡಿಗೆ ಐದು ಬಡಿತ. ಅಂಥ ಕೈಗಳು ಈ ಊರಿನಲ್ಲಿ ನೂರಾರಿದ್ದವು. ಕಟ್ಟಡ ಹೋದದ್ದಕ್ಕಿಂತ ಆ ಕೈಕೆಲಸ ಮುಂದಿನವರಿಗೆ ದಾಟದೆ ಹೋದದ್ದು ನನಗೆ ಹೆಚ್ಚು ಸಂಕಟ ಕೊಡುತ್ತದೆ.

ಸೆಲ್ ಹಾಕುವ ಕ್ವಾರ್ಟ್ಜ್ ಗಡಿಯಾರ ಬಂದಮೇಲೆ ಕೀಲಿ ಕೊಡುವ ಗಡಿಯಾರವನ್ನು ಕೇಳುವವರು ಕಡಿಮೆಯಾದರು. ಟೈಟಾನ್ ಬಂತು, ಆಮೇಲೆ ಮೊಬೈಲ್ ಬಂತು. ಅದಾದಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವುದೇ.

ನಿಮ್ಮ ತಂದೆಯವರ ಹತ್ತಿರ ಹಳೆಯ ಎಚ್‌ಎಂಟಿ ಇದ್ದರೆ ದಯವಿಟ್ಟು ಜೊತೆಗೆ ತನ್ನಿ. ಎಂ.ಜಿ. ರಸ್ತೆ, ಚಿಕ್ಕಪೇಟೆಯ ಕಡೆ ನಡೆಯುತ್ತಾ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತ ವಯಸ್ಸಾದ ರಿಪೇರಿಯವರು ಕಂಡರೆ ತೋರಿಸಿ. ಎಣ್ಣೆ ಒಣಗಿ ನಿಂತಿದ್ದರೆ ಬಿಚ್ಚಿ ತೊಳೆದು ಎಣ್ಣೆ ಬಿಟ್ಟರೆ ಸಾಕು, ನಡೆಯುತ್ತದೆ. ಹೊಸದಾಗಿ ಕೊಳ್ಳುವುದಾದರೆ ಮಾತ್ರ ಎಚ್ಚರ: ಆನ್‌ಲೈನಿನಲ್ಲಿ ಥಳಥಳಿಸುವ ಹಳೆಯ ಎಚ್‌ಎಂಟಿಗಳಲ್ಲಿ ಬಹಳಷ್ಟರ ಡಯಲಿಗೆ ಮತ್ತೆ ಬಣ್ಣ ಹೊಡೆದಿರುತ್ತಾರೆ, ಭಾಗಗಳೂ ಬೆರಕೆ.

ಮಂಡಿಪೇಟೆಗೆ ಕರೆದುಕೊಂಡು ಹೋಗಿ. ಹುಣಸೆ, ಬೆಲ್ಲ, ಕೊಬ್ಬರಿ, ಒಣಮೆಣಸಿನಕಾಯಿಯ ವಾಸನೆ ಬೆರೆತ ಓಣಿ. ಗೋಣಿಚೀಲಗಳ ನಡುವೆ ದಿಂಬಿಗೆ ಒರಗಿ ಲೆಕ್ಕ ಬರೆಯುತ್ತಿದ್ದ ಸಾಹುಕಾರರು. ಹುಣಸೆಯ ದೊಡ್ಡ ವಹಿವಾಟು ಎಪಿಎಂಸಿ ಪ್ರಾಂಗಣಕ್ಕೆ ಹೋಗಿದೆ, ಆದರೂ ಪೇಟೆಯ ಇಕ್ಕಟ್ಟು, ಕೈಗಾಡಿಗಳ ಗದ್ದಲ ಅವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಬಿ.ಎಚ್. ರಸ್ತೆಯನ್ನು ಮಾತ್ರ ಅವರು ಗುರುತಿಸಲಾರರು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಆ ರಸ್ತೆ ಊರೊಳಗೇ ಹಾದುಹೋಗುತ್ತಿದ್ದುದರಿಂದ ಅದರ ಎರಡೂ ಬದಿಗೆ ಅಂಗಡಿ ಹೋಟೆಲುಗಳು ಬೆಳೆದವು. ಈಗ ಅಲ್ಲಿ ಎಲ್ಲ ಊರಿನಲ್ಲಿರುವ ಶೋರೂಮುಗಳೇ ಇವೆ. ಅಮಾನಿಕೆರೆಯ ಸುತ್ತ ವಾಯುವಿಹಾರದ ದಾರಿ ಆಗಿದೆ, ಸಂಜೆ ಹೋಗಬಹುದು.

ಊಟತಿಂಡಿಯ ವಿಷಯಕ್ಕೆ ಬಂದರೆ ಬೆಂಗಳೂರು ದಾರಿಯಲ್ಲಿ ಊರಂಚಿಗಿರುವ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಬಿಡದಿಯವರು ತಮ್ಮದೇ ತಟ್ಟೆ ಇಡ್ಲಿ ಎನ್ನುತ್ತಾರೆ, ಅನ್ನಲಿ. ಅಗಲ ತಟ್ಟೆಗೆ ಹಿಟ್ಟು ಹುಯ್ದು, ಒಂದರ ಮೇಲೊಂದು ತಟ್ಟೆ ಕೂರಿಸಿದ ಸ್ಟ್ಯಾಂಡನ್ನು ಹಬೆಪಾತ್ರೆಗೆ ಇಳಿಸುತ್ತಾರೆ. ತೆಗೆದ ಕೂಡಲೇ ಮೇಲೊಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಗಟ್ಟಿ ಚಟ್ನಿ. ಬೆಣ್ಣೆ ಕರಗುವ ಮೊದಲೇ ಕೈಹಾಕಬೇಕು. ಬೆಂಗಳೂರು ಕಡೆಯ ಬಸ್ಸುಗಳು ಇಲ್ಲಿ ನಿಂತಾಗ ಕಿಟಕಿಯಿಂದಲೇ ಪೊಟ್ಟಣ ಕೊಂಡವರ ಪೈಕಿ ನಿಮ್ಮ ತಂದೆಯವರೂ ಇದ್ದಿರಬಹುದು. ಹತ್ತು ಗಂಟೆಯೊಳಗೆ ಹೋಗಿ. ತಡವಾದರೆ ಆರಿದ್ದನ್ನೇ ತಿನ್ನಬೇಕಾಗುತ್ತದೆ.

ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರ. ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದರು. ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡುವ ಕೆಲಸ ಹಾಗೆಯೇ ನಡೆದಿದೆ. ದಿನ ಹೊಂದಿಸಿಕೊಳ್ಳಲು ಸಾಧ್ಯವಿದ್ದರೆ ಶಿವರಾತ್ರಿ ಹತ್ತಿರವಾದಾಗ ಬನ್ನಿ. ಮಠದ ಜಾತ್ರೆಯಲ್ಲಿ ದನಗಳ ಪರಿಷೆ ಸೇರುತ್ತದೆ, ಕೊಂಬಿಗೆ ಬಣ್ಣ ಬಳಿದ ಹಳ್ಳಿಕಾರ್ ಹೋರಿಗಳನ್ನು ಸಾಲಾಗಿ ಕಟ್ಟಿರುತ್ತಾರೆ, ಜೊತೆಗೆ ವಸ್ತುಪ್ರದರ್ಶನವೂ ಇರುತ್ತದೆ. ಇಲ್ಲಿ ಓದಿದ ಹುಡುಗರಲ್ಲಿ ಅದನ್ನು ನೋಡದವರು ವಿರಳ.

ಅವರು ಯಾವ ಕಾಲೇಜಿನಲ್ಲಿ ಓದಿದರು, ಯಾವ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದರು ಎಂದು ಕೇಳಿ ಇಲ್ಲಿ ಬರೆಯಿರಿ. ಆ ಬೀದಿಗೆ ನಾನೇ ಹೋಗಿ, ಈಗ ಹೇಗಿದೆ ಎಂದು ನೋಡಿ ತಿಳಿಸುತ್ತೇನೆ.