ಹಳೆ ದ್ರಾಕ್ಷಿ ಬಳ್ಳಿಗೆ ಹೊಸ ಬೇರು ಕೊಡಬಹುದೇ?

ಪ್ರಶ್ನೆ: ನಮ್ಮ ದ್ರಾಕ್ಷಿ ತೋಟಕ್ಕೆ 12 ವರ್ಷ. ಬಳ್ಳಿಗಳೆಲ್ಲ ಸ್ವಂತ ಬೇರಿನವು. ಈಚೆಗೆ ಬಿಸಿಲು ಜಾಸ್ತಿ, ಮಳೆ ಹೊತ್ತಿಗೆ ಬರುತ್ತಿಲ್ಲ, ಕೊಳವೆಬಾವಿ ನೀರೂ ಸವಳಾಗಿದೆ. ಎಲೆಯಂಚು ಸುಟ್ಟಂತಾಗಿ ಒಣಗುತ್ತಿದೆ. ಬರ ತಡೆಯುವ ರೂಟ್‌ಸ್ಟಾಕ್ (ಕಸಿಯಲ್ಲಿ ಕೆಳಗಿದ್ದು ಬೇರು ಕೊಡುವ ಗಿಡ) ಯಾವುದು? ಇದೇ ಬಳ್ಳಿಗೆ ಕಸಿ ಮಾಡಿದರೆ ಸಾಕೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಾಲದು. ಹಳೆ ಕಾಂಡದ ಮೇಲೆ ಕಸಿ ಮಾಡಿದರೆ ತಳಿ ಬದಲಾಗುತ್ತದೆ, ಕೆಳಗಿನ ಬೇರು ಅದೇ ಉಳಿಯುತ್ತದೆ. ಬಳ್ಳಿಯ ಮಗ್ಗುಲಲ್ಲಿ ರೂಟ್‌ಸ್ಟಾಕ್ ನೆಟ್ಟು, ಅದರ ತುದಿಯನ್ನು ಹಳೆ ಕಾಂಡಕ್ಕೆ ಕೂಡಿಸುವ ದಾರಿಯೇನೋ ಇದೆ. ಹತ್ತಿಪ್ಪತ್ತು ಬಳ್ಳಿಗಾದರೆ ಮಾಡಬಹುದು. ಇಡೀ ತೋಟಕ್ಕೆ ಅದು ಆಗುವ ಕೆಲಸ ಅಲ್ಲ. ವರ್ಷಕ್ಕೆ ಇಷ್ಟು ಸಾಲು ಅಂತ ಕಿತ್ತು ಕಸಿ ಗಿಡ ನೆಡಿ.

ನೀವು ಬರ ಅಂದಿದ್ದೀರಿ. ಎಲೆಯಂಚು ಸುಡುವುದು ನೋಡಿದರೆ ನನಗೆ ಉಪ್ಪಿನ ಮೇಲೇ ಅನುಮಾನ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಸೋಡಿಯಂ, ಕ್ಲೋರೈಡ್, ಸುಣ್ಣ ಎಷ್ಟಿದೆ ಗೊತ್ತಾಗಲಿ. ಬರೀ ಬರವಾದರೆ 110 ರಿಕ್ಟರ್ ಎಂಬ ರೂಟ್‌ಸ್ಟಾಕ್ ಒಳ್ಳೆಯದು. ಉಪ್ಪೂ ಇದ್ದರೆ 1103 ಪಾಲ್ಸನ್, 140 ರುಗ್ಗೇರಿ ನೋಡಿ. ಎರಡೂ ಇಟಲಿಯ ಸಿಸಿಲಿಯಲ್ಲಿ ಬೆಳೆಸಿದ ತಳಿಗಳು, ಬರಕ್ಕೂ ಗಟ್ಟಿ.

ಹಾಗೆಯೇ ಒಂದು ಗುಂಡಿ ತೋಡಿ, ಒಂದು ಮೀಟರ್ ಆಳ. ಎರಡಡಿಗೇ ಗಟ್ಟಿ ಪದರ ಸಿಕ್ಕರೆ ಆಳಕ್ಕಿಳಿಯುವ ಬೇರನ್ನು ತಂದು ಏನು ಮಾಡುವುದು, ಅಲ್ವಾ? ಗುಂಡಿ ತೋಡದೆ ನಾನೇ ಪೆಟ್ಟು ತಿಂದಿದ್ದೇನೆ. ಎಲ್ಲರೂ ಹಾಕುತ್ತಾರೆಂದು ಡಾಗ್‌ರಿಡ್ಜ್ ಎಂಬ ರೂಟ್‌ಸ್ಟಾಕ್ ಹಾಕಿದೆ. ನಮ್ಮದು ಆಳವಾದ, ಫಲವತ್ತಾದ ಮಣ್ಣು. ಡಾಗ್‌ರಿಡ್ಜ್ ಮೊದಲೇ ಜೋರಾಗಿ ಬೆಳೆಯುವ ಬೇರು. ಚಪ್ಪರದ ತುಂಬ ಎಲೆ, ಒಳಗೆ ಬಿಸಿಲೇ ಇಳಿಯಲಿಲ್ಲ. ನೆರಳಲ್ಲಿ ಕೂತ ಮೊಗ್ಗು ಗೊಂಚಲು ಕಟ್ಟಲಿಲ್ಲ. ಎರಡು ಬೆಳೆ ಹೋದ ಮೇಲೆ ನೀರು, ಸಾರಜನಕ ಕಡಿಮೆ ಮಾಡಿ ಹತೋಟಿಗೆ ತಂದೆ. ಅದೇ ಬೇರು ಬಡ ಮಣ್ಣಿನಲ್ಲಿ, ಸವಳು ನೀರಿನಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಕಸಿ ಗಿಡ ಕೊಳ್ಳುವಾಗ ಕಸಿ ಗಂಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬಿರುಕು ಬಿಟ್ಟರೆ ಬೇಡ. ನೀವೇ ಕಸಿ ಕಟ್ಟುವುದಾದರೆ ಎರಡೂ ಕಡ್ಡಿ ಒಂದೇ ದಪ್ಪ ಇರಲಿ. ತೊಗಟೆಯ ಕೆಳಗಿನ ತೆಳು ಹಸಿರು ಪದರ ಒಂದಕ್ಕೊಂದು ತಾಗಬೇಕು. ಒಂದು ಬದಿಯಲ್ಲಾದರೂ ತಾಗದಿದ್ದರೆ ಎಷ್ಟು ಬಿಗಿಯಾಗಿ ಸುತ್ತಿದರೂ ಹಿಡಿಯುವುದಿಲ್ಲ. 25 ಡಿಗ್ರಿ ಆಸುಪಾಸಿನ ಬಿಸಿ, ಒಳ್ಳೆ ತೇವ ಇದ್ದರೆ ಗಾಯ ಬೇಗ ಕೂಡುತ್ತದೆ.

ನೆಡುವಾಗ ಕಸಿ ಗಂಟು ನೆಲದಿಂದ ಮೇಲಿರಲಿ. ಏರು ಹಾಕುವಾಗ ಮಣ್ಣು ಮುಚ್ಚಿಬಿಟ್ಟರೆ ಮೇಲಿನ ತಳಿಯೇ ಬೇರು ಬಿಡುತ್ತದೆ. ಆ ಬೇರು ಮತ್ತೆ ಅದೇ ಉಪ್ಪನ್ನು ಎಳೆದು ಎಲೆಗೆ ಸೇರಿಸುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬುಡ ಕೆದಕಿ ನೋಡಿ, ಅಂಥ ಬೇರು ಕಂಡರೆ ಕತ್ತರಿಸಿ ಹಾಕಿ.